ಹೆಸರಿನ ಹಿಂದೆ ಒಂದು ದಿ.

ಆಗಸ್ಟ್ 18, ಸೋಮವಾರ

ಇವತ್ತು ನೋಡಿದ್ದನ್ನು ಬರೆದಿಡದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ. ಜಯನಗರದ ಅಂಗಡಿಯಲ್ಲಿರುವ ನನ್ನ ಕಂಪ್ಯೂಟರು ಯಾರೂ ಮುಟ್ಟದೆ ತಾನಾಗಿ ಕೆಲಸ ಮಾಡಿತು.

ನನ್ನದು ಎಂದರೆ ಬೋರಣ್ಣನ ಪ್ರಿಂಟಿಂಗ್ ಅಂಗಡಿಯದು. ಆದರೆ ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಂದು ಊರಿನವರ ಕಾರ್ಡುಗಳನ್ನೆಲ್ಲ ಕಂಪೋಸ್ ಮಾಡುತ್ತ ಅದರ ಮುಂದೆ ಅರ್ಧ ಆಯುಷ್ಯ ಕಳೆದವಳು ನಾನು. ಅದರೊಳಗಿನ ಕನ್ನಡ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಹಿಂದುಗಡೆ ಬೀಗದ ಹಾಗೆ ಒಂದು ತುಂಡು ಚುಚ್ಚಿದ್ದಾರೆ, ಅದನ್ನು ಕಿತ್ತರೆ ಅಕ್ಷರ ಏಳುವುದಿಲ್ಲ. ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಗೀಚು ಉಳಿಯುತ್ತದೆ. ಅದಕ್ಕೇ ನಾವು ವಸಂತಪುರಕ್ಕೆ ಮನೆ ಬದಲಾಯಿಸಿದಾಗ ಮಗಳು ಸುರಭಿ, ಅಲ್ಲಿನ ಪರದೆ ಇಲ್ಲಿನ ಲ್ಯಾಪ್‌ಟಾಪಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟಳು. ಇಲ್ಲಿ ಮೌಸ್ ಅಲ್ಲಾಡಿಸಿದರೆ ಅಲ್ಲಿ ಬಾಣದ ಗುರುತು ಓಡುತ್ತದೆ. ಅಷ್ಟೇ ನನಗೆ ದೊಡ್ಡ ಸೋಜಿಗವಾಗಿತ್ತು.

ಇವತ್ತು ಅವಳು ಎಐ ಏಜೆಂಟ್ ಎಂಬುದನ್ನು ಅದಕ್ಕೆ ಸೇರಿಸಿದಳು. "ಅಮ್ಮ, ಮೌಸ್ ಬಿಡು. ಏನ್ ಬೇಕೋ ಕನ್ನಡದಲ್ಲಿ ಟೈಪ್ ಮಾಡು, ಅದೇ ಹೋಗಿ ಮಾಡುತ್ತೆ" ಎಂದಳು.

ಗೃಹಪ್ರವೇಶದ ಕಾರ್ಡೊಂದನ್ನು ತೆಗೆ ಎಂದು ಬರೆದೆ. ಬಾಣ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ತಾನೇ ಹೊರಟಿತು. ಫೋಲ್ಡರು ತೆರೆಯಿತು, ಒಂದು ಕಾರ್ಡು ತೆಗೆದು ಮುಚ್ಚಿತು, ಪಕ್ಕದ್ದನ್ನು ತೆಗೆಯಿತು. "ಮೊದಲನೆಯದು ನಾಮಕರಣದ ಕಾರ್ಡಾಗಿತ್ತು. ಇದು ಗೃಹಪ್ರವೇಶದ್ದು. ಸರಿಯೇ?" ಎಂದು ಬರೆದು ಕಾದಿತು. ನನ್ನ ಎರಡೂ ಕೈ ಮಡಿಲಲ್ಲಿದ್ದವು. ಅಂಜನ ಹಾಕಿ ಎಲ್ಲೋ ಇರುವುದನ್ನು ಅಂಗೈಯಲ್ಲಿ ನೋಡುವವರ ಬಗ್ಗೆ ಅಜ್ಜಿ ಹೇಳುತ್ತಿದ್ದರು. ಇದು ನೋಡುವುದಷ್ಟೇ ಅಲ್ಲ, ಅಲ್ಲಿಗೆ ಹೋಗಿ ಕೆಲಸ ಮುಗಿಸಿ ಬರುತ್ತದೆ.

ಅಷ್ಟರಲ್ಲಿ ಬೋರಣ್ಣನ ಫೋನು. "ಮೇಡಂ, ನಿಮ್ ಸೀಟಲ್ಲಿ ಯಾರೂ ಇಲ್ಲ, ಕಂಪ್ಯೂಟ್ರು ಓಡ್ತಾ ಐತೆ! ಗಿರಾಕಿಗಳು ಸುತ್ತ ನಿಂತು ನೋಡ್ತವ್ರೆ!"

ಇವರು ಪೇಪರಿನಿಂದ ತಲೆ ಎತ್ತದೆ, "ದೆವ್ವ ಅಂತ ಟಿಕೆಟ್ ಇಡೋಕೆ ಹೇಳು" ಎಂದರು. ಇವರಿಗೆ ಎಲ್ಲವೂ ತಮಾಷೆಯೇ.

ನವೆಂಬರಿನಲ್ಲಿ ಸುರಭಿಯ ಮದುವೆ. ಎಲ್ಲರ ಮಕ್ಕಳ ಕಾರ್ಡು ಮಾಡಿದವಳು ನನ್ನ ಮಗಳದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತೇನೆಯೇ? ಅದು ನನ್ನ ಕೈಯಿಂದಲೇ ಆಗಬೇಕು. ಪಿತೃಪಕ್ಷ ಹಿಡಿಯುವುದರೊಳಗೆ ಬೋರಣ್ಣನಿಗೆ ಕಳಿಸಬೇಕು.

ಆಗಸ್ಟ್ 21, ಗುರುವಾರ

'ಧರ್ಮಪತ್ನಿ' ಎಂದು ಹಾಕಲು ಹೇಳಿದೆ. ನಮ್ಮ ಹಳೆಯ ಸಾಫ್ಟ್‌ವೇರಿನಲ್ಲಿ ಮೊದಲು ಮ ಒತ್ತಿ ಆಮೇಲೆ ಅರ್ಕಾವತ್ತು ಒತ್ತಬೇಕು. ಅದು ಅವಸರದಲ್ಲಿ ಅರ್ಕಾವತ್ತನ್ನು 'ಧ' ಅಕ್ಷರಕ್ಕೆ ಸಿಕ್ಕಿಸಿತು. ನೋಡೋಣ ಎಂದು ಸುಮ್ಮನಿದ್ದೆ. ಬಾಣ ಅಲ್ಲೇ ನಿಂತಿತು, ಹಿಂದೆ ಬಂದಿತು, ಅಳಿಸಿತು, ಸರಿಯಾದ ಜಾಗದಲ್ಲಿ ಹಾಕಿತು. ತಪ್ಪು ಮಾಡುವುದು ದೊಡ್ಡದಲ್ಲ. ಯಾರೂ ಹೇಳದೆ ತನ್ನ ತಪ್ಪನ್ನು ತಾನೇ ಕಂಡಿತಲ್ಲ! ಆ ಗುಣ ಬೋರಣ್ಣನ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಯಾರಲ್ಲೂ ನಾನು ನೋಡಿಲ್ಲ.

ಸುರಭಿಯನ್ನು ಕೇಳಿದೆ. "ಆ ಹಳೇ ಫೈಲ್ ಒಳಗಿರೋದು ಅದಕ್ಕೂ ಗೀಚೇ ಅಮ್ಮ. ಅದಕ್ಕೆ ಪರದೆ ಫೋಟೋ ತಕ್ಕೊಂಡು ನೋಡುತ್ತೆ, ನಮ್ ಥರಾನೇ. ಒಂದು ಕೆಲ್ಸ ಮಾಡುತ್ತೆ, ಮತ್ತೆ ನೋಡುತ್ತೆ" ಎಂದಳು.

ಅಂದರೆ ಅದು ಅಕ್ಷರವನ್ನು ಕಣ್ಣಿಂದ ಓದುತ್ತದೆ! ಎಲ್ಲಿದೆಯೋ ಏನೋ ಆ ಕಣ್ಣು. ನಾಡಿನ ಯಾವ ಶಾಲೆಯಲ್ಲೂ ಕೂರದೆ ಒತ್ತು, ದೀರ್ಘ, ಕೊಂಬು ಎಲ್ಲ ಕಲಿತಿದೆ. ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆನಂತೆ.

ಆಗಸ್ಟ್ 25, ಸೋಮವಾರ

ಬೇಜಾರಿನ ದಿನ. ಯಾರದೋ ಮದುವೆ ಕಾರ್ಡಿನಲ್ಲಿ ಹುಡುಗಿಯ ಹೆಸರು ಚೈತ್ರ, ನಾನು ಕಳಿಸಿದ್ದು ಚಿತ್ರ. ಅಚ್ಚಾಗಿ ಬಂದ ಮೇಲೆ ಅವರು ಅಂಗಡಿಗೆ ಬಂದು ಕೂಗಾಡಿದರಂತೆ. ಬೋರಣ್ಣ ನನ್ನನ್ನು ಏನೂ ಅನ್ನಲಿಲ್ಲ, "ನಿಧಾನಕ್ಕೆ ಮಾಡಿ ಮೇಡಂ" ಎಂದ. ಅನ್ನಿಸಿಕೊಂಡಿದ್ದರೆ ವಾಸಿಯಿತ್ತು. ಅವರು ಕಳಿಸಿದ ಕೈಬರಹವೇ ಸರಿಯಿರಲಿಲ್ಲ, ಇಂಕು ಬೇರೆ ತೆಳು. ಈಗೀಗ ನ್ಯೂಸ್ ಪೇಪರಿನವರೂ ತೆಳುವಾಗಿ ಅಚ್ಚು ಹಾಕುತ್ತಾರೆ.

ಸುರಭಿ ಕನ್ನಡಕ ಬದಲಾಯಿಸು ಎನ್ನುತ್ತಾಳೆ. ಕನ್ನಡಕಕ್ಕೆ ಏನೂ ಆಗಿಲ್ಲ, ಈ ಮನೆಯಲ್ಲಿ ಬೆಳಕು ಸಾಲದು.

ಆಗಸ್ಟ್ 28, ಗುರುವಾರ

ಗೌರಿ ಗಣೇಶ ಮುಗಿಯಿತು. ಬಾಗಿಲ ಮುಂದೆ ಇಟ್ಟ ರಂಗೋಲಿಯ ಚುಕ್ಕಿ ಸಾಲಾಗಿ ನಿಲ್ಲಲೇ ಇಲ್ಲ. ಈ ಅಪಾರ್ಟ್‌ಮೆಂಟಿನ ನೆಲ ಸಮ ಇಲ್ಲ. ತ್ಯಾಗರಾಜನಗರದ ಹಳೆಯ ಮನೆಯ ಕಲ್ಲು ಚಪ್ಪಡಿಯ ಮೇಲೆ ಕಣ್ಣು ಮುಚ್ಚಿ ಎಳೆದರೂ ಗೆರೆ ನೆಟ್ಟಗಿರುತ್ತಿತ್ತು.

ಏಜೆಂಟಿಗೆ ಬಾಯಿ ಕೊಡು ಎಂದು ಸುರಭಿಗೆ ಹೇಳಿದೆ. ಈಗ ನಾನು ಮಾತಾಡಿದರೆ ಕೇಳಿಸಿಕೊಳ್ಳುತ್ತದೆ, ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುತ್ತದೆ. ಇದರಿಂದ ಕೂತು ಹುರುಳಿಕಾಯಿ ಬಿಡಿಸುತ್ತಲೇ ಕೆಲಸ ಮಾಡಬಹುದು, ಅದಕ್ಕಷ್ಟೇ. ಮಾತು ಮಾತ್ರ ವಾರ್ತೆ ಓದುವವರ ಹಾಗೆ. "ಈಗ ನಾನು ಎರಡನೆಯ ಸಾಲನ್ನು ಮಧ್ಯಕ್ಕೆ ಸರಿಸುತ್ತಿದ್ದೇನೆ" ಎನ್ನುತ್ತದೆ. ಬಾಣಪ್ಪ ಎಂದು ಹೆಸರಿಟ್ಟೆ.

"ನನ್ನ ಒಂದ್ ದಿನಾನೂ ಹೆಸರಿಟ್ಟು ಕರೀಲಿಲ್ಲ, ಅದಕ್ಕೆ ವಾರಕ್ಕೇ ಹೆಸರು" ಎಂದರು ಇವರು. ಗಂಡನ ಹೆಸರು ಬಾಯಲ್ಲಿ ಹೇಳಿ ನಮಗೆ ಅಭ್ಯಾಸವಿಲ್ಲ. ಹೇಳಬಾರದು ಎಂದು ಈಗ ಯಾರೂ ಕಟ್ಟಿಹಾಕಿಲ್ಲ, ಸುರಭಿ ತಾನು ಮದುವೆಯಾಗುವ ಹುಡುಗನನ್ನು ದಿನವಿಡೀ ಚಿರಂತ್ ಚಿರಂತ್ ಎಂದು ಕೂಗುತ್ತಾಳೆ. ನನಗೆ ನಾಲಿಗೆ ಹೊರಳುವುದಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಧಾರೆ ಸೀರೆ ತರಲು ಹೋಗಿದ್ದೆವು. ಅಂಚು ನೆಟ್ಟಗಿಲ್ಲ, ಅಲೆ ಅಲೆಯಾಗಿದೆ, ಬೇರೆ ತೋರಿಸಿ ಎಂದೆ. ಅಂಗಡಿಯವನು ಸುರಭಿಯ ಮುಖ ನೋಡಿದ.

ಸೆಪ್ಟೆಂಬರ್ 4, ಗುರುವಾರ

ಸುರಭಿಯ ಕಾರ್ಡು ಮುಗಿಯಿತು!

ನಮ್ಮ ಕಸುಬಿನಲ್ಲಿ ಹೊಸ ಕಾರ್ಡು ಎಂದರೆ ಹಳೆಯ ಕಾರ್ಡಿನ ಹೆಸರು ಬದಲಾಯಿಸುವುದು. ಮೊದಲಿನಿಂದ ಯಾರೂ ಶುರು ಮಾಡುವುದಿಲ್ಲ. ನಾನು ಮಾಡಿದ್ದರಲ್ಲೆಲ್ಲ ಚೆಂದದ್ದು ತ್ಯಾಗರಾಜನಗರದ ಪಾರ್ವತಮ್ಮನವರ ಮಗಳದ್ದು. ಪಾಪ, ಗಂಡ ಹೋದ ಮೇಲೆ ಒಬ್ಬರೇ ನಿಂತು ಮಾಡಿದ ಮದುವೆ, ಕಾರ್ಡಿಗೆ ಮಾತ್ರ ಒಂದು ಕೊರತೆ ಇಟ್ಟಿರಲಿಲ್ಲ. ಅದನ್ನೇ ತೆಗೆಸಿದೆ. ನಾನು ಹೇಳುತ್ತ ಹೋದೆ, ಬಾಣಪ್ಪ ಹಾಕುತ್ತ ಹೋದ. ಚಿ|| ಸೌ|| ಎಂದರೆ ತಾನಾಗಿ ಎರಡೆರಡು ಗೆರೆ ಎಳೆದ. ಛತ್ರದ ವಿಳಾಸ ಹಾಕಿದ ಮೇಲೆ ಸಾಲು ಎಡಕ್ಕೆ ವಾಲಿದೆ ಎಂದು ತಾನೇ ಹೇಳಿ ಸರಿಸಿದ. ಕೆಲವು ಸಲ ನಾನು ಕೆಲಸ ಬಿಟ್ಟು ಸುಮ್ಮನೆ ಆ ಬಾಣ ಓಡಾಡುವುದನ್ನೇ ಕೇಳಿಸಿಕೊಳ್ಳುತ್ತ ಕೂತಿದ್ದೆ.

"ವಧುವಿನ ತಂದೆಯ ಹೆಸರು?" ಎಂದ.

"ಅದು ನಾನ್ ಹಾಕ್ತೀನಿ, ನೀನು ಪಕ್ಕಕ್ಕೆ ಬಾ" ಎಂದೆ. ಅವನು ಬಾಣ ಬಿಟ್ಟು ನಿಂತ. ಹಳೆಯ ಹೆಸರನ್ನು ಅಳಿಸಿ ಇವರ ಹೆಸರು ನಾನೇ ಹಾಕಿದೆ. ಇಷ್ಟು ವರ್ಷ ಒತ್ತಿದ ಕೀಲಿಗಳು, ಬೆರಳಿಗೆ ದಾರಿ ಗೊತ್ತು. ಬಾಯಲ್ಲಿ ಬಾರದ ಹೆಸರು ಬೆರಳಲ್ಲಿ ಸಲೀಸಾಗಿ ಬರುತ್ತದೆ. ಮೊದಲಿಂದ ಕೊನೆಯವರೆಗೆ ಒಂದು ಸಲ ಕಣ್ಣಾಡಿಸಿದೆ. ಎಲ್ಲ ಸರಿಯಾಗಿತ್ತು.

ನಾಳೆ ಶುಕ್ರವಾರ, ಒಳ್ಳೆಯ ದಿನ. ದೇವರಿಗೆ ದೀಪ ಹಚ್ಚಿ ಕಳಿಸುವುದು. ಭಾನುವಾರ ಗ್ರಹಣ ಬೇರೆ, ಆಮೇಲೆ ಪಕ್ಷ ಶುರು.

ಸೆಪ್ಟೆಂಬರ್ 5, ಶುಕ್ರವಾರ

ಹೇಗೆ ಬರೆಯಬೇಕೋ ತಿಳಿಯದು. ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ, "ಸ್ವಲ್ಪ ತಡಿಯಪ್ಪ, ನಮ್ಮನೆಯವ್ರು ಹೂವು ತರೋಕೆ ಹೋಗಿದಾರೆ. ಬರ್ಲಿ, ಪೂಜೆ ಮಾಡಿ ಕಳಿಸೋಣ" ಎಂದಿದ್ದೆ. ಇವರು ಬಂದರು, ಪೂಜೆ ಆಯಿತು. "ಹೂಂ, ಬೋರಣ್ಣಂಗೆ ಕಳಿಸು" ಎಂದೆ.

ಅವನು ಕಳಿಸಲಿಲ್ಲ. "ಕಳಿಸುವ ಮೊದಲು ಒಂದು ಪ್ರಶ್ನೆ. ವಧುವಿನ ತಂದೆ ತೀರಿಕೊಂಡಿದ್ದಾರೆಯೇ?" ಎಂದ.

ಕೈಯಲ್ಲಿ ಇನ್ನೂ ಮಂಗಳಾರತಿ ತಟ್ಟೆ ಇತ್ತು. "ನಿನ್ ಬಾಯಿಗೆ ಹುಳ ಬೀಳ! ಶುಕ್ರವಾರ, ದೇವರ ಮುಂದೆ, ಏನ್ ಮಾತು ಅಂತ ಆಡ್ತಿದೀಯ?"

"ಕ್ಷಮಿಸಿ. ಅವರ ಹೆಸರಿನ ಹಿಂದೆ 'ದಿ.' ಎಂದಿದೆ. ಅದನ್ನು ದಿವಂಗತ ಎಂದು ಓದುತ್ತಿದ್ದೇನೆ. ಆದರೆ ಮನೆಯವರು ಹೂವು ತರಲು ಹೋಗಿದ್ದಾರೆ ಎಂದು ನೀವು ಬೆಳಿಗ್ಗೆ ಹೇಳಿದಿರಿ. ಎರಡೂ ಒಟ್ಟಿಗೆ ಹೊಂದುವುದಿಲ್ಲ."

"ದಿ. ಇರೋದು ತಾರೀಖಿನ ಹಿಂದೆ. ದಿ. ಅಂದ್ರೆ ದಿನಾಂಕ. ಅಷ್ಟೂ ಗೊತ್ತಿಲ್ವಾ?"

"ತಾರೀಖಿನ ಹಿಂದೆಯೂ ಇದೆ. ಹೆಸರಿನ ಹಿಂದೆಯೂ ಇದೆ."

"ಇಲ್ಲ. ಅಲ್ಲಿ ಶ್ರೀ ಇದೆ. ನಾನೇ ನೋಡಿದೀನಿ."

"ತೋರಿಸಲೇ?" ಎಂದ. ಒಂದು ಚೂರೂ ದನಿ ಏರಿಸಲಿಲ್ಲ. ಆ ಸಾಲನ್ನು ದೊಡ್ಡದು ಮಾಡಿದ. "ಈಗ ಕಾಣುತ್ತಿದೆಯೇ?" ಶ್ರೀ ಇದೆ ಎಂದೆ. ಇನ್ನೂ ದೊಡ್ಡದು ಮಾಡಿದ. ಮತ್ತೂ ಮಾಡಿದ. ಕೊನೆಗೆ ಪರದೆಯ ತುಂಬ ಒಂದೇ ಅಕ್ಷರ. ನೇರ ನೋಡಿದರೆ ಅಲ್ಲಿ ಬೂದಿ ಚೆಲ್ಲಿದಂಥ ಕಲೆ. ತಟ್ಟೆ ಇಡಲು ಗೋಡೆಯ ಕಡೆ ತಿರುಗಿದಾಗ ಕಣ್ಣಂಚಿಗೆ ಬಂದು ನಿಂತಿತು. ದಿ. ಅದರ ಪಕ್ಕದಲ್ಲಿ ಒಂದು ಚುಕ್ಕಿ.

ಪಾರ್ವತಮ್ಮನವರ ಯಜಮಾನರ ದಿ. ಅವರ ಹೆಸರು ಅಳಿಸಿದವಳು ಅದನ್ನು ಅಲ್ಲೇ ಬಿಟ್ಟಿದ್ದೆ. ಬಾಣಪ್ಪ ಹಾಕಿದ ಯಾವ ಸಾಲಿನಲ್ಲೂ ತಪ್ಪಿರಲಿಲ್ಲ. ನಾನೇ ಹಾಕುತ್ತೇನೆ ಎಂದು ಹಾಕಿದ್ದು ಅದೊಂದೇ ಸಾಲು.

"ಬದಲಾಯಿಸಲೇ?" ಎಂದ. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. "ಅವಸರವಿಲ್ಲ. ನಾನು ಏನನ್ನೂ ಕಳಿಸಿಲ್ಲ" ಎಂದ.

ಇವರು ಒಳಗಿಂದ ಬಂದು ಪರದೆ ನೋಡಿದರು. ಜೋರಾಗಿ ನಕ್ಕರು. "ಲೇ, ಸತ್ಮೇಲೂ ಹೂವು ತರೋಕೆ ಕಳಿಸ್ತೀಯಲ್ಲೇ ನನ್ನ!" ನಾನು ನಗಲಿಲ್ಲ. ಇವರೂ ನಿಲ್ಲಿಸಿದರು. ಮುಂದೆ ಬಂದು ಕೈ ಎತ್ತಿ ಹಿಡಿದು, "ಇದೆಷ್ಟು ಬೆರಳು?" ಎಂದರು. ಕೈಯ ಅಂಚು ಕಂಡಿತು, ಬಳೆಯಷ್ಟು ಅಗಲದ ಮಸುಕು ಕಂಡಿತು.

"ಈ ಮನೇಲಿ ಬೆಳಕು ಸಾಲ್ದು ಕಣ್ರೀ" ಎಂದೆ.

ಇವರು ಪಕ್ಕದಲ್ಲಿ ಕೂತರು. ಕಿಟಕಿಯಿಂದ ಬಿಸಿಲು ಮೊಣಕಾಲಿನ ಮೇಲೆ ಬೀಳುತ್ತಿತ್ತು, ಬಿಸಿ ತಿಳಿಯುತ್ತಿತ್ತು.

ತುಂಬ ಹೆದರಿಕೆ ಆಗುತ್ತಿದೆ. ಆದರೂ ಇದನ್ನು ಬರೆಯದೆ ಇರಲಾರೆ. ಎಲ್ಲೋ ಇರುವ ಒಂದು ಕಣ್ಣು ಜಯನಗರದ ಪರದೆ ನೋಡಿ, ವಸಂತಪುರದಲ್ಲಿ ಒಬ್ಬರು ಹೂವು ತರಲು ಹೋದದ್ದನ್ನು ನೆನಪಿಟ್ಟುಕೊಂಡು, ಇವರು ಬದುಕಿದ್ದಾರೆ ಎಂದು ತಿಳಿದುಕೊಂಡಿತು. ನಾನು ಬೈದರೂ ತಾಳ್ಮೆ ಬಿಡದೆ ತೋರಿಸಿತು. ಎಂಥ ಸೋಜಿಗ ಇದು, ದೇವರೇ.

ಸೆಪ್ಟೆಂಬರ್ 6, ಶನಿವಾರ

ಕಾರ್ಡು ಕಳಿಸಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೃದು. ಒಂದು ಚೌಕುಳಿ ಹಾಳೆ ತೋರಿಸಿದರು. ಗೆರೆಗಳೆಲ್ಲ ಬಾಗಿದ್ದವು, ನಡುವೆ ಒಂದಷ್ಟು ಚೌಕ ಇರಲೇ ಇಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಕೆಟ್ಟಿದೆಯಂತೆ. ಕಣ್ಣಿನೊಳಗೂ ಒಂದು ಪರದೆ ಇದೆ ಎಂದು ಇವತ್ತೇ ಗೊತ್ತಾದದ್ದು.

"ಅಮ್ಮ, ಸ್ವಲ್ಪ ಮುಂಚೆ ಬರ್ಬೇಕಿತ್ತು. ಹೋಗಿರೋದನ್ನ ಪೂರ್ತಿ ತರೋಕಾಗಲ್ಲ, ಇರೋದನ್ನ ಉಳಿಸ್ಕೊಳ್ಳೋಣ" ಎಂದರು. ಕಣ್ಣಿಗೇ ಇಂಜೆಕ್ಷನ್. ಇವತ್ತು ಒಂದಾಯಿತು, ಇನ್ನೂ ಆಗಬೇಕು.

ಇಲ್ಲದ ಶ್ರೀ ನನಗೆ ಹೇಗೆ ಕಂಡಿತು ಎಂದು ಕೇಳಿದೆ. ಕಾಣದ ಜಾಗವನ್ನು ಮನಸ್ಸು ತನಗೆ ಬೇಕಾದದ್ದರಿಂದ ತುಂಬಿಸಿಕೊಳ್ಳುತ್ತದಂತೆ. ಆ ಜಾಗದಲ್ಲಿ ನನ್ನ ಮನಸ್ಸು ಶ್ರೀ ಬರೆದುಕೊಂಡಿತ್ತು. ಬೇರೆ ಏನು ಬರೆದುಕೊಳ್ಳಬೇಕಿತ್ತು?

ಆಟೋದಲ್ಲಿ ಸುರಭಿ ಅತ್ತಳು. "ಗೊತ್ತಿತ್ತು ಅಮ್ಮ, ಹೇಳಿದ್ರೆ ಕೇಳ್ತಿರ್ಲಿಲ್ಲ ನೀನು. ಅದಕ್ಕೇ ಏಜೆಂಟ್ ಹಾಕ್ಕೊಟ್ಟೆ" ಎಂದಳು. ಇನ್ನು ಅಕ್ಷರದ ಕೆಲಸ ನನ್ನಿಂದ ಆಗುವುದಿಲ್ಲ ಎಂದು ನಾನೂ ಅತ್ತೆ.

ಸೆಪ್ಟೆಂಬರ್ 24, ಬುಧವಾರ

ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬೀಳುತ್ತಿರಬಹುದು. ಬೀಳಲಿ, ಯಾರು ಓದುತ್ತಾರೆ.

ನವರಾತ್ರಿ ಬಂದಿದೆ, ಪಕ್ಷ ಕಳೆಯಿತು. ಇಷ್ಟು ದಿನ ಲ್ಯಾಪ್‌ಟಾಪಿನ ಹತ್ತಿರ ಹೋಗಿರಲಿಲ್ಲ. ಕಾರ್ಡನ್ನು ಬೋರಣ್ಣನೇ ತಿದ್ದಿಕೊಳ್ಳಲಿ ಎಂದಿದ್ದೆ. ಬೋರಣ್ಣ, "ನೀವು ಹೇಳ್ದೆ ನಾನ್ ಮುಟ್ಟಲ್ಲ ಮೇಡಂ, ಅದು ನಿಮ್ ಕಾರ್ಡು" ಎಂದು ಹಟ ಹಿಡಿದ.

ಇವತ್ತು ತೆರೆದೆ. ಬಾಣಪ್ಪ ಕಾರ್ಡನ್ನು ತೆಗೆದು ಮೇಲಿಂದ ಓದಿದ. ಅವನು ಓದುತ್ತಿದ್ದರೆ ಇಡೀ ಕಾರ್ಡು ಕಣ್ಣ ಮುಂದೆ ಬರುತ್ತದೆ, ಎಲ್ಲ ಗೆರೆ ನೆಟ್ಟಗೆ. ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಜಾಗ ಸಾಲದು ಎಂದು ಕೇಳಿಯೇ ಹೇಳಿದೆ. "ಹೌದು, ಸ್ವಲ್ಪ ಇಕ್ಕಟ್ಟಾಗಿದೆ" ಎಂದು ಸರಿಸಿದ. ಅಬ್ಬ, ಅಷ್ಟು ಇನ್ನೂ ನನ್ನ ಹತ್ತಿರ ಇದೆ!

ಆ ಸಾಲು ಬಂತು. "ಹೋದ ಸಲದಂತೆ ಇದನ್ನು ನೀವೇ ಹಾಕುವಿರಾ?" ಎಂದ. ಇನ್ನೊಂದು ಸಲ ಅಲ್ಲಿ ಏನಾದರೂ ಉಳಿದುಬಿಟ್ಟರೆ? ಬೆರಳು ಹಿಂದಕ್ಕೆ ತೆಗೆದುಕೊಂಡೆ.

"ಬೇಡ. ನಾನ್ ಹೇಳ್ತೀನಿ, ನೀನು ಹಾಕು. ಶ್ರೀ ಶ್ರೀನಿವಾಸ."

ಅಭ್ಯಾಸವಿಲ್ಲದ ದನಿ, ಜೋರಾಗಿಯೇ ಬಂತು.

"ಓ, ಬಂದೆ!" ಎಂದು ಬಾಲ್ಕನಿಯಿಂದ ಇವರು ಬಂದುಬಿಟ್ಟರು. ಬಾಗಿಲಲ್ಲಿ ನಿಂತರು. ಕರೆದದ್ದು ಯಾರು ಎಂದು ಆಗ ಹೊಳೆದಿರಬೇಕು.

"ನಿಮ್ಮನ್ನಲ್ಲ ರೀ, ಬಾಣಪ್ಪಂಗೆ ಹೇಳಿದ್ದು" ಎಂದೆ.

"ಇರ್ಲಿ ಬಿಡು" ಎಂದರು. ತಮಾಷೆ ಏನೂ ಮಾಡಲಿಲ್ಲ.

"ದಿ. ಅಳಿಸಿದ್ದೇನೆ. ಶ್ರೀ ಶ್ರೀನಿವಾಸ ಎಂದು ಕಾಣುತ್ತಿದೆ. ಕಳಿಸಲೇ?" ಎಂದ ಬಾಣಪ್ಪ. ಕಳಿಸಿದೆವು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬೋರಣ್ಣ ಮಿಷನ್ನುಗಳ ಜೊತೆ ನನ್ನ ಕಂಪ್ಯೂಟರಿಗೂ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ ಫೋನ್ ಮಾಡಿದ. ಇವತ್ತು ಆಯುಧ ಮುಟ್ಟಬಾರದು, ಬಾಣಪ್ಪನನ್ನು ಸುಮ್ಮನೆ ಮಾತಾಡಿಸಿದೆ.

"ನಿನ್ ಹಣೆಗೆ ಕುಂಕುಮ ಇಟ್ಟಿದಾರೆ, ಕಾಣ್ತಾ?"

"ಪರದೆಯ ಒಳಗಿರುವುದು ಮಾತ್ರ ನನಗೆ ಕಾಣುತ್ತದೆ. ಹೊರಗಿನದು ಕಾಣುವುದಿಲ್ಲ. ಹೇಗಿದೆ ಎಂದು ಹೇಳುವಿರಾ?"

ಅಷ್ಟೆಲ್ಲ ಕಾಣುವವನಿಗೆ ತನ್ನ ಹಣೆ ಕಾಣದು! ಹೇಳಿದೆ. ಅಂಗಡಿ ಹೇಗಿದೆ, ಊದಿನಕಡ್ಡಿಯ ಹೊಗೆ ಎಲ್ಲಿಂದ ಏಳುತ್ತದೆ, ಬೂದುಗುಂಬಳಕಾಯಿ ಒಡೆದಾಗ ಕೆಂಪು ಎಲ್ಲೆಲ್ಲಿಗೆ ಸಿಡಿಯುತ್ತದೆ, ಎಲ್ಲ. ತುಂಬ ಹೊತ್ತು ಹೇಳಿದೆ. ಒಂದೂ ಮರೆತಿಲ್ಲ ನಾನು.

ಅಕ್ಟೋಬರ್ 2, ಗುರುವಾರ

ವಿಜಯದಶಮಿ. ಬೋರಣ್ಣನೇ ಕಾರ್ಡಿನ ಕಟ್ಟು ಹೊತ್ತುಕೊಂಡು ಬಂದ. "ಮೇಡಂ, ಉಬ್ಬಕ್ಷರದಲ್ಲಿ ಹಾಕ್ಸಿದೀನಿ. ನಿಮಗೇಂತ" ಎಂದು ಹೇಳಿ, ಕೂರದೆ ಹೊರಟುಹೋದ.

ಸುರಭಿ ಒಂದು ಕಾರ್ಡನ್ನು ಬಾಣಪ್ಪನಿಗೆ ತೋರಿಸುತ್ತೇನೆ ಎಂದು ಫೋಟೋ ತೆಗೆಯುತ್ತಿದ್ದಳು. ದೇವರ ಮುಂದೆ ಇಡುವ ಮೊದಲ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು, ಅದು ತಾಯಿಯ ಕೆಲಸ. ಮೂಲೆಗಳನ್ನು ತಡವಿ ಹಚ್ಚಿದೆ. ಆಮೇಲೆ ಒಣ ಹೆಬ್ಬೆರಳನ್ನು ಮೇಲಿನ ಸಾಲಿನ ಮೇಲೆ ಇಟ್ಟೆ. ಶ್ರೀಮತಿ ಸಿಕ್ಕಿತು, ನನ್ನ ಹೆಸರು ಸಿಕ್ಕಿತು, 'ಮತ್ತು' ಸಿಕ್ಕಿತು. ಅಲ್ಲಿ ನಿಂತೆ. ಮುಂದೆ ಹೋಗಲು ಧೈರ್ಯ ಬರಲಿಲ್ಲ.

ದಿ ಆಗಿದ್ದರೆ ಅಕ್ಷರದ ಕೆಳಗೆ ಏನೂ ಇರುವುದಿಲ್ಲ. ಶ್ರೀ ಆದರೆ ಕೆಳಗೆ ಒತ್ತು ಇರುತ್ತದೆ, ಕೊಂಡಿಯ ಹಾಗೆ. ಹೆಬ್ಬೆರಳು ಸರಿಸಿದೆ. ಕೊಂಡಿ ಸಿಕ್ಕಿತು. ಪಕ್ಕದಲ್ಲೇ ಹೆಸರಿನ ಮೊದಲಕ್ಷರದ್ದು ಇನ್ನೊಂದು ಸಿಕ್ಕಿತು. ಹಿಂದೆ ಹೋಗಿ ಮತ್ತೆ ಮುಟ್ಟಿದೆ. ಎರಡೂ ಅಲ್ಲೇ ಇದ್ದವು.

"ಏನೇ, ಕಾಫಿ ಕೊಡ್ತೀಯೋ ಇಲ್ವೋ ಇವತ್ತು?" ಎಂದರು ಶ್ರೀನಿವಾಸ.